ಶನಿವಾರ ರಜೆ ಹಾಕಿದ ಯಂತ್ರ

"ಯಂತ್ರಕ್ಕೆ ದೇವರಿಲ್ಲ, ಪೆಥೇಲಿ ಅಣ್ಣ," ಎಂದೆ.

ಅವನು ತಲೆಯೆತ್ತಲಿಲ್ಲ. ದೋಣಿಯ ಎಂಜಿನ್ನಿನ ಹೊಟ್ಟೆ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದ. ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರನ್ನು ಎತ್ತಿಕೊಂಡು ಮತ್ತೊಮ್ಮೆ ಒರೆಸಿದ.

"ಅದೇನು ಹೊಸ ಉಪದೇಶ, ಇನ್ಸ್‌ಪೆಕ್ಟರಮ್ಮ? ಶುಕ್ರವಾರ ಸಂಜೆ ಬಂದು ನನಗೇ ಪ್ರವಚನ ಕೊಡ್ತೀಯಾ?"

"ನಾನು ಇನ್ಸ್‌ಪೆಕ್ಟರಲ್ಲ. ಬಿಟ್ಟು ಆರು ವರ್ಷ ಆಯ್ತು."

"ಬಿಟ್ಟಿರಬಹುದು. ನಿಂತಿರೋ ರೀತಿ ಹಾಗೇ ಇದೆ. ಕೂತ್ಕೋ. ನಿಂಬೆ ಎಲೆ ಟೀ ಇದೆ."

ಐದು ಗಂಟೆ ಐದು ನಿಮಿಷ. ನಮ್ಮ ನಟೇವಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವರ್ಕ್‌ಶಾಪಿನ ಬಾಗಿಲು ಸವುಸವು ಕೊಲ್ಲಿಯ ಕಡೆಗೇ ತೆರೆಯುತ್ತದೆ. ಸೂರ್ಯ ನೀರಿಗಿಂತ ಎರಡು ಗೇಣು ಮೇಲಿದ್ದ. ಐದು ಐವತ್ತೈದಕ್ಕೆ ಅವನು ಮುಳುಗುತ್ತಾನೆ. ಆರಕ್ಕೆ ನನ್ನ ವರದಿ ಕುಲಪತಿಗಳ ಕಚೇರಿ ತಲುಪಬೇಕು. ತಲುಪದಿದ್ದರೆ ಸೋಮವಾರ ಬೆಳಿಗ್ಗೆ ಕೆಲೆರಾ ವೋಸಾಳನ್ನು, ಸುಳ್ಳು ಅಂಕಿ ಸೃಷ್ಟಿಸಿದಳೆಂದು ಹೆಸರು ಬರೆದು, ಸಂಶೋಧನೆಯಿಂದ ಹೊರಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೋರ್ಟಿನಲ್ಲಿ ಅವಳ ಹಳ್ಳಿಯೂ ಸೋಲುತ್ತದೆ.

ನಾನು ಕೂರಲಿಲ್ಲ. ಎಂಜಿನ್ನಿನ ಬಿಡಿಭಾಗಗಳನ್ನು ಪಕ್ಕಕ್ಕೆ ಸರಿಸಿ ಹಾಳೆಗಳನ್ನು ಬೆಂಚಿನ ಮೇಲೆ ಹಾಸಿದೆ. ಎಪ್ಪತ್ತೇಳು ದಿನ. ದಿನಕ್ಕೆ ನಾಲ್ಕು ಅಂಕಿ. ನಿನ್ನೆ ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತು ಹಳದಿ ಬಣ್ಣ ಬಳಿದ ಜಾಗಗಳು ಹಲ್ಲಿನ ಸಾಲಿನಂತೆ ಕಾಣುತ್ತಿದ್ದವು.

ಪೆಥೇಲಿ ಅವನ್ನು ನೋಡಿದ. ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವಳಿಗೆ ಅಷ್ಟು ಸಾಕು. ಸಾಕಾಗಬಾರದಿತ್ತು ಎಂದು ಆಸೆಪಟ್ಟೆ.

ವುನಿಸಾಲಾ ನದಿಯ ಬಾಯಿಯಲ್ಲಿ ಒಂದು ಕಂಪನಿ ಮರಳು ತೆಗೆಯುತ್ತಿದೆ. ಹಳ್ಳಿಯ ಹೆಂಗಸರು ಎದೆಮಟ್ಟ ನೀರಲ್ಲಿ ನಿಂತು ಹೆಕ್ಕುವ ಚಿಪ್ಪಿಗಳು ಸಾಯುತ್ತಿವೆ. ಮರಳಿನ ಯಂತ್ರ ನೀರನ್ನು ಕಲಕುವುದರಿಂದಲೇ ಹೀಗಾಗುತ್ತಿದೆಯೆಂದು ತೋರಿಸಲು ನಮ್ಮ ಮೂರು ವಿಭಾಗ ಸೇರಿ ಸಂಶೋಧನೆ ಹೂಡಿದವು. ವಿಜ್ಞಾನದವರಿಗೆ ನೀರು, ಎಂಜಿನಿಯರಿಂಗಿನವರಿಗೆ ನೀರು ಎಷ್ಟು ಕಲಕಿದೆಯೆಂದು ಅಳೆದು ಬರೆದಿಡುವ ಯಂತ್ರ, ಕಾನೂನಿನವರಿಗೆ ಕೋರ್ಟು. ಕೆಲೆರಾ ವಿಜ್ಞಾನದವಳು. ಅದೇ ಹಳ್ಳಿಯವಳು. ಅವಳ ತಾಯಿಯೇ ಚಿಪ್ಪಿ ಮಾರುವವಳು.

ಅಂಕಿಗಳು ನಕಲಿ ಎಂದು ಕಂಪನಿಯ ವಕೀಲರು ಕೂಗೆಬ್ಬಿಸಿದಾಗ ಎಲ್ಲರೂ ನೋಡಿದ್ದು ಅವಳ ಮುಖವನ್ನು.

"ಮೊದಲನೇ ಶನಿವಾರ ನೋಡು," ಎಂದೆ. "ಶುಕ್ರವಾರ ಮೂರು ಗಂಟೆಗೆ ಐವತ್ತೆರಡು. ಭಾನುವಾರ ಮೂರಕ್ಕೆ ಅರವತ್ತು. ಶನಿವಾರ ಮೂರಕ್ಕೆ?"

"ನನಗೆ ಕನ್ನಡಕ ಇಲ್ಲ."

"ಐವತ್ತಾರು. ಸರಿಯಾಗಿ ನಡುಮಧ್ಯ. ಎರಡನೇ ಶನಿವಾರ, ಮೂರನೇದು, ಹನ್ನೊಂದನೇದು. ಹಿಂದಿನ ದಿನದ್ದೂ ಮರುದಿನದ್ದೂ ಕೂಡಿಸಿ ಎರಡರಿಂದ ಭಾಗಿಸಿದ್ದು. ವಾರದ ಆರು ದಿನ ನದಿ ಹುಚ್ಚುಹುಚ್ಚಾಗಿ ಏರಿಳಿಯುತ್ತೆ. ಶನಿವಾರ ಮಾತ್ರ ಶಾಲೆ ಹುಡುಗನ ಹಾಗೆ ಕೈಕಟ್ಟಿ ಕೂತಿರುತ್ತೆ."

"ಬ್ಯಾಟರಿ ಕೈಕೊಟ್ಟಿರುತ್ತೆ."

"ಬ್ಯಾಟರಿಗೆ ವಾರ ಗೊತ್ತಾ?"

ಅವನು ನಕ್ಕ. ಅದು ನಗುವಿನ ಜಾಗದಲ್ಲಿ ಇಟ್ಟ ಬೇರೆ ಯಾವುದೋ ವಸ್ತು.

"ಇನ್ನೂ ಇದೆ," ಎಂದೆ. "ಶುಕ್ರವಾರ ಸಂಜೆ ಆರರ ಅಂಕಿಯೂ ಹೀಗೇ ಲೆಕ್ಕ ಹಾಕಿದ್ದು. ಆದರೆ ಶನಿವಾರ ಸಂಜೆ ಆರರದ್ದು ನಿಜವಾದದ್ದು. ಅಂದ್ರೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಕೆಲಸ ನಿಲ್ಲುತ್ತೆ, ಶನಿವಾರ ಸೂರ್ಯ ಮುಳುಗಿದ ಕೂಡಲೇ ಶುರುವಾಗುತ್ತೆ. ಇದು ಯಂತ್ರ ಅಲ್ಲ ಅಣ್ಣ. ಮನುಷ್ಯ. ಕೈಯಾರೆ ಅಳೆದಿದಾನೆ."

"ಆ ಹುಡುಗೀನೇ ಅಳೆದಿರಬೇಕು."

"ವುನಿಸಾಲಾದವರು ಭಾನುವಾರ ನೀರಿಗೆ ಕಾಲಿಡಲ್ಲ. ಕೆಲೆರಾ ಭಾನುವಾರ ಚರ್ಚಿನಲ್ಲಿ ಹಾಡೋಳು. ನಾನು ಮೊದಲು ಹುಡುಕಿದ್ದೇ ಭಾನುವಾರದ ತೂತುಗಳನ್ನ. ಒಂದೂ ಇಲ್ಲ. ಭಾನುವಾರದ ಅಂಕಿಗಳೆಲ್ಲ ಚೆನ್ನಾಗಿವೆ. ಊರೆಲ್ಲ ಚರ್ಚಲ್ಲಿ ಇರೋವಾಗ ಯಾರೋ ಒಬ್ಬರು ನೆಮ್ಮದಿಯಾಗಿ ನದಿಯಲ್ಲಿ ನಿಂತು ಅಳೆದಿದಾರೆ."

ಸ್ಪ್ಯಾನರು ಬೆಂಚಿನ ಮೇಲೆ ಕೂತಿತು.

"ಈ ಯೋಜನೆಯಲ್ಲಿ ಹದಿನಾಲ್ಕು ಜನ ಇದಾರೆ," ಎಂದೆ. "ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಮುಳುಗೋವರೆಗೂ ಕೆಲಸ ಮುಟ್ಟದೆ ಸಬ್ಬತ್ ಆಚರಿಸೋರು ಎಷ್ಟು ಜನ?"

ಅವನು ಒರೆಸುವ ಬಟ್ಟೆ ಮಡಚಿದ. ನಾಲ್ಕು ಮೂಲೆ ಸರಿಯಾಗಿ ಕೂಡಿಸಿ ಮಡಚಿದ. ಮಧ್ಯಾಹ್ನದ ಯಂಗೋನಾ ಬೇರಿನ ಪಾನೀಯದ ಬಟ್ಟಲಿನ ಸುತ್ತ ಎಲ್ಲರೂ ಕೂತಾಗ ಇವನೊಬ್ಬ ನಿಂಬೆ ಎಲೆ ಟೀ ಹಿಡಿದು ಅಂಚಿನಲ್ಲಿ ಕೂರುತ್ತಿದ್ದ. ಏಡಿ ತಿನ್ನದವನು, ಶುಕ್ರವಾರ ನಾಲ್ಕೂವರೆಗೆ ಬಾಗಿಲು ಹಾಕುವವನು ಎಂದು ಹುಡುಗರು ಹಂಗಿಸುತ್ತಿದ್ದರು. ಇವತ್ತು ನಾಲ್ಕೂವರೆಗೆ ಬಾಗಿಲು ಹಾಕಿರಲಿಲ್ಲ. ನನಗಾಗಿ ಕಾಯುತ್ತಿದ್ದಾನೆ ಎಂದು ಬರುವಾಗಲೇ ಅನಿಸಿತ್ತು.

ನಾನು ನನ್ನದೇ ಠಾಣೆಯವರ ವಿರುದ್ಧ ಸಾಕ್ಷಿ ಹೇಳಿದ ವರ್ಷ ಸವುಸವುವಿನಲ್ಲಿ ಯಾರೂ ನನ್ನ ಪಕ್ಕ ಕೂತು ಊಟ ಮಾಡಲಿಲ್ಲ. ನನ್ನ ಸ್ವಂತ ತಮ್ಮ ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡು ರಸ್ತೆ ದಾಟಿದ. ಪೆಥೇಲಿ ನಾಕೋರಾ ಮಾತ್ರ ಭಾನುವಾರ ಭಾನುವಾರ ಒಂದು ಮೀನು ಹಿಡಿದು ನನ್ನ ಮೆಟ್ಟಿಲು ಹತ್ತಿದ. ವಿಶ್ವವಿದ್ಯಾಲಯಕ್ಕೆ ಸಂಶೋಧನೆಯ ಕಳ್ಳತನ ಹಿಡಿಯುವವರು ಬೇಕಂತೆ, ಅರ್ಜಿ ಹಾಕು ಎಂದವನೂ ಅವನೇ. ರಕ್ತಸಂಬಂಧವಿಲ್ಲದ ಅಣ್ಣ. ಇದ್ದ ಅಣ್ಣತಮ್ಮಂದಿರಿಗಿಂತ ಹೆಚ್ಚು.

"ಕೆಳಗೆ ಬಿತ್ತು," ಎಂದ ಕೊನೆಗೆ.

"ಏನು?"

"ಯಂತ್ರ. ಅದರ ಕಣ್ಣಿಗೆ ಪಾಚಿ ಕಟ್ಟಿತ್ತು. ಕಂಬದಿಂದ ಬಿಚ್ಚಿ ಒರೆಸ್ತಿದ್ದೆ. ಜಾರ್ತು. ಅಲ್ಲಿ ಆಳ ಎಷ್ಟು ಅಂತ ನಿನಗೆ ಗೊತ್ತು. ಮೂರು ದಿನ ಮುಳುಗಿ ಹುಡುಕಿದೆ. ಈ ವಯಸ್ಸಲ್ಲಿ. ಕಿವೀಲಿ ರಕ್ತ ಬಂತು."

"ಯಾರಿಗೂ ಹೇಳಲಿಲ್ಲ."

"ಯಾರಿಗೆ ಹೇಳ್ಲಿ? ಇನ್ನೊಂದು ಯಂತ್ರ ತರಿಸೋಕೆ ನಾಲ್ಕು ತಿಂಗಳು. ಅಷ್ಟರಲ್ಲಿ ಕಂಪನಿಯೋರು ಮರಳು ಬಳಿದುಕೊಂಡು ಹೋಗಿರ್ತಿದ್ರು." ಸ್ಪ್ಯಾನರನ್ನು ನೇರವಾಗಿಟ್ಟು ಸೇರಿಸಿದ: "ಡಿಸೆಂಬರಲ್ಲಿ ನನ್ನ ನಿವೃತ್ತಿ. ಮೂವತ್ತೊಂದು ವರ್ಷ, ಒಂದು ಸ್ಕ್ರೂ ಕಳ್ಕೊಂಡಿಲ್ಲ ಅಂತ ಡೀನ್ ಭಾಷಣ ಬರೆದಿಟ್ಟಿದಾರೆ."

ಹಳೆಯ ವಿಧಾನ ಅವನಿಗೆ ಗೊತ್ತಿತ್ತು. ಹಗ್ಗಕ್ಕೆ ಬಿಳಿ ತಟ್ಟೆ ಕಟ್ಟಿ ನೀರಿಗೆ ಇಳಿಬಿಡುವುದು, ತಟ್ಟೆ ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳುವುದು, ಕೋಷ್ಟಕ ನೋಡಿ ಅದನ್ನು ಯಂತ್ರದ ಅಂಕಿಗೆ ತಿರುಗಿಸುವುದು. ದೋಣಿ ದುರಸ್ತಿಯ ನೆಪ ಹೇಳಿ ಹನ್ನೊಂದು ವಾರ ನದಿಯ ಬಾಯಿಯ ತಗಡಿನ ಶೆಡ್ಡಿನಲ್ಲಿ ಮಲಗಿದ್ದ. ತಂತ್ರಜ್ಞರಿಗೆ ನಮ್ಮಲ್ಲಿ ಕಂಪ್ಯೂಟರ್ ಖಾತೆಯಿಲ್ಲ. ವಿದ್ಯಾರ್ಥಿಗಳ ಹೆಸರಿನಲ್ಲೇ ಕಡತ ಏರಿಸುವುದು ರೂಢಿ. ಕೆಲೆರಾ ಆಗ ಗ್ರಂಥಾಲಯದಲ್ಲಿ ಕೂತು ಪ್ರಬಂಧ ಬರೆಯುತ್ತಿದ್ದಳು. ವಾರಕ್ಕೊಂದು ಕಡತ ಅವಳ ಹೆಸರಿನಲ್ಲಿ ಏರುತ್ತಿತ್ತು.

"ಶನಿವಾರ ಬಿಟ್ಟು ಒಂದೇ ಒಂದು ಅಂಕಿ ಸುಳ್ಳಲ್ಲ," ಎಂದ ಪೆಥೇಲಿ. ಮೊದಲ ಸಲ ಅವನ ದನಿ ಏರಿತು. "ಈ ಕಣ್ಣಲ್ಲಿ ನೋಡಿದೀನಿ. ಮಳೇಲಿ ನಿಂತು ನೋಡಿದೀನಿ. ಆ ನದಿ ನಿಜವಾಗ್ಲೂ ಸಾಯ್ತಿದೆ, ಉನಾಯ್ಸಿ."

"ಶನಿವಾರದ ಜಾಗ ಖಾಲಿ ಬಿಡಬಹುದಿತ್ತಲ್ಲ."

"ಖಾಲಿ ಬಿಟ್ರೆ ಯಾಕೆ ಅಂತ ಕೇಳ್ತಿದ್ರು."

"ಒಂದು ಶನಿವಾರ, ಒಂದೇ ಒಂದು ಶನಿವಾರ, ದೋಣಿ ಹತ್ತಿದ್ರೆ ನಾನು ಹಿಡೀತಿರಲಿಲ್ಲ."

ಅವನು ನನ್ನನ್ನು ನಿಜವಾದ ಆಶ್ಚರ್ಯದಿಂದ ನೋಡಿದ. "ಸಬ್ಬತ್ ದಿನಾನಾ?"

ಆ ಮುಖಕ್ಕೆ ಹೊಡೆಯಬೇಕೆನಿಸಿತು. ಹನ್ನೊಂದು ವಾರ ಸುಳ್ಳು ಏರಿಸಿದವನಿಗೆ ದಾಟಲಾಗದ ಒಂದು ಗೆರೆ ಇತ್ತು. ಆ ಗೆರೆಯೊಳಗೆ ಸಬ್ಬತ್ ಇತ್ತು, ಆ ಹುಡುಗಿ ಇರಲಿಲ್ಲ.

ಫೋನು ನಡುಗಿತು. ವಿನೀತಾ ಗೌಂಡರ್, ಹಳ್ಳಿಯ ಪರ ವಾದಿಸುತ್ತಿರುವ ಕಾನೂನು ವಿಭಾಗದ ಅಧ್ಯಾಪಕಿ. ಬೆಳಿಗ್ಗೆಯಿಂದ ಇದು ಒಂಬತ್ತನೇ ಕರೆ.

"ಏನ್ರೀ ಮಹಾತಾಯಿ, ಬದುಕಿದೀರಾ? ಸೋಮವಾರ ಜಡ್ಜ್ ಮುಂದೆ ನಾನೇನು ತೋರಿಸ್ಲಿ, ನನ್ನ ಮದುವೆ ಫೋಟೋನಾ?"

"ಒಂದು ಪ್ರಶ್ನೆ. ಅಂಕಿಗಳನ್ನ ಯಂತ್ರ ಬರೆದದ್ದಲ್ಲ, ಮನುಷ್ಯ ಕಣ್ಣಾರೆ ನೋಡಿ ಬರೆದದ್ದು ಅಂದ್ರೆ?"

ಆ ಕಡೆ ಅವಳ ಕುರ್ಚಿ ಕಿರುಗುಟ್ಟಿತು. "ಯಂತ್ರ ಅಂತ ನಾವು ಹೇಳ್ತಾ ಹೋದ್ರೆ ಜೈಲು. ನೋಡಿದವನೇ ಬಂದು, ನಾನು ನೋಡಿದೆ, ನಾನು ಮುಚ್ಚಿಟ್ಟೆ, ಇದು ನನ್ನ ಸಹಿ ಅಂದ್ರೆ, ಅದು ಸಾಕ್ಷಿ. ಗಾಯ ಆಗಿರೋ ಸಾಕ್ಷಿ. ಆದ್ರೆ ಸಾಕ್ಷಿ. ಯಾರು ಅವನು?"

"ಆಮೇಲೆ ಹೇಳ್ತೀನಿ."

"ಉನಾಯ್ಸಿ, ಸಹಿ ತಗೋ. ಅತ್ತು ತಗೋ, ಬೈದು ತಗೋ. ಸಹಿ ಇಲ್ದೆ ಬರಬೇಡ."

ನಾನು ಫೋನಿಟ್ಟೆ. ಪೆಥೇಲಿಗೆ ಎಲ್ಲವೂ ಕೇಳಿಸಿತ್ತು. ಅವನು ಬೆಂಚಿನ ಕೆಳಗೆ ಬಗ್ಗಿ ಹಳೆಯ ಟವೆಲಿನಲ್ಲಿ ಸುತ್ತಿದ ಏನನ್ನೋ ತೆಗೆದ. ಬಿಚ್ಚುವ ಮೊದಲೇ ನನಗೆ ತಿಳಿಯಿತು. ತಂಬುವಾ, ತಿಮಿಂಗಿಲದ ಹಲ್ಲು, ಹೆಣೆದ ಹಗ್ಗದೊಂದಿಗೆ. ಕೈಯಿಂದ ಕೈಗೆ ಹಾದು ಜೇನಿನ ಬಣ್ಣಕ್ಕೆ ತಿರುಗಿದ್ದು. ಅವನ ತಂದೆಯದು.

ಅವನು ಮಂಡಿಯೂರಿದ. ಅರವತ್ತರ ಮಂಡಿಗಳು ಸಿಮೆಂಟಿನ ಮೇಲೆ ಸದ್ದು ಮಾಡಿದವು. ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದ.

"ಮೂರು ವಾರದಿಂದ ಇಲ್ಲೇ ಇಟ್ಕೊಂಡಿದೀನಿ," ಎಂದ. "ತಪ್ಪಾಯ್ತು ತಂಗಿ. ತಗೋ."

ತೆಗೆದುಕೊಂಡರೆ ಮುಗಿಯಿತು. ನಮ್ಮಲ್ಲಿ ಅದರ ಅರ್ಥ ಅಷ್ಟೇ. ಕೈ ತಾಗಿದ ಮೇಲೆ ಆ ತಪ್ಪಿನ ಬಗ್ಗೆ ಬಾಯಿ ತೆರೆಯುವಂತಿಲ್ಲ. ಕೊಲೆಗಳನ್ನೂ ಹೀಗೆ ಹೂತವರಿದ್ದಾರೆ. ನನ್ನ ಅಂಗೈಗಳು ತಾವಾಗಿ ಮುಂದೆ ಬಂದವು. ನಾನು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಇದು ನನಗಲ್ಲ. ಎದ್ದೇಳು."

"ಉನಾಯ್ಸಿ—"

"ಹದಿನೈದು ದಿನದ ಹಿಂದೆ ಇದೇ ಬೆಂಚಿನ ಮೇಲೆ ಕೂತು ನನಗೇನು ಹೇಳಿದೆ, ನೆನಪಿದೆಯಾ? 'ಆ ಹುಡುಗಿ ಕಡೆ ನೋಡು. ಅವಳದೇ ಊರು, ಅವಳಮ್ಮಂದೇ ವ್ಯಾಪಾರ' ಅಂತ. ನಾನು ಪರೀಕ್ಷೆ ಮಾಡಲಿಲ್ಲ. ನೀನು ಹೇಳಿದೆ ಅಂತ ಬರೆದೆ. ನನ್ನ ಮೊದಲನೇ ವರದಿ ಅದು. ಮರುದಿನ ಅವಳ ಹಾಸ್ಟೆಲ್ ಬೀಗದ ಕೈ ಕಿತ್ಕೊಂಡ್ರು. ಈಗ ನನ್ನ ಮನೇಲಿ ಮಲಗ್ತಾಳೆ, ನನ್ನ ಚಾಪೆ ಮೇಲೆ. ಬೆಳಿಗ್ಗೆ ಎದ್ದು 'ಪೆಥೇಲಿ ಮಾವ ಹೇಗಿದಾರೆ, ಬಿಪಿ ಮಾತ್ರೆ ತಗೋತಾರಾ' ಅಂತ ಕೇಳ್ತಾಳೆ!"

ಅವನು ತಂಬುವಾ ಹಿಡಿದ ಕೈಗಳನ್ನು ತೊಡೆಯ ಮೇಲೆ ಇಳಿಸಿದ.

"ನಿನ್ನ ಸುಳ್ಳನ್ನ ನಾನು ಹೊರಬಲ್ಲೆ," ಎಂದೆ. "ನನ್ನ ಕೈಯಿಂದ ಅವಳ ಬೆನ್ನಿಗೆ ಚೂರಿ ಹಾಕಿಸಿದೆಯಲ್ಲ, ಅದನ್ನ ಹೇಗೆ ಹೊರಲಿ?"

ಕೊಲ್ಲಿಯಲ್ಲಿ ಒಂದು ದೋಣಿ ಎಂಜಿನ್ ಆರಿಸಿತು. ಅವನು ಎದ್ದ, ತಂಬುವಾವನ್ನು ಟವೆಲಿನ ಮೇಲೆ ಮಲಗಿಸಿದ, ಕೈ ತೊಳೆದ. ಸ್ಟೂಲು ಎಳೆದುಕೊಂಡು ಕೂತು, "ಕಾಗದ ಕೊಡು," ಎಂದ.

ದಪ್ಪ ಅಕ್ಷರಗಳಲ್ಲಿ ಬರೆದ. ಯಂತ್ರ ಬಿದ್ದ ದಿನ. ಬಿಳಿ ತಟ್ಟೆ. ಶನಿವಾರಗಳು. ಕೆಲೆರಾ ವೋಸಾಳಿಗೆ ಇದ್ಯಾವುದೂ ಗೊತ್ತಿರಲಿಲ್ಲ ಎಂಬ ಸಾಲನ್ನು ನಾನು ಹೇಳುವ ಮೊದಲೇ ಬರೆದ. ಎರಡು ಸಲ ತಲೆಯೆತ್ತಿ ಸೂರ್ಯನನ್ನು ನೋಡಿದ. ಐದು ನಲವತ್ತಾರಕ್ಕೆ ಸಹಿ ಹಾಕಿದ.

ನಾನು ಅದರ ಚಿತ್ರ ತೆಗೆದು ವರದಿಗೆ ಸೇರಿಸಿದೆ. ಕಳುಹಿಸು ಎಂಬ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟೆ. ಕಣ್ಣು ಮಂಜಾಗಿತ್ತು. ಕೆಲೆರಾ ಉಳಿದಳು.

"ನಾನು ಬರ್ಕೊಟ್ಟೆ," ಎಂದ ಪೆಥೇಲಿ. "ಈಗ ನೀನೂ ಹೇಳು. ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಸಾಕು ಮಾರಾಯ್ತಿ. ಮಧ್ಯಾಹ್ನ ಎರಡು ಹತ್ತರಿಂದ ಕಾಯ್ತಿದೀನಿ, ನೀನು ಬಂದು ಅದನ್ನ ಈ ಬೆಂಚಿನ ಮೇಲೆ ಇಡ್ತೀಯ ಅಂತ. ನೀನು ಹಾಳೆ ಹಾಸಿದೆ. ಒಂದೊಂದೇ ಮಾತು ನನ್ನ ಬಾಯಿಂದ ಹೊರಡಿಸಿದೆ. ಪೊಲೀಸ್ ಬುದ್ಧಿ. ಇರ್ಲಿ. ಆದ್ರೆ ಆರು ವರ್ಷ ಮೀನು ತಂದುಕೊಟ್ಟವನಿಗೆ ಒಂದು ಮಾತು ಹೇಳಬಹುದಿತ್ತು."

"ಯಾವುದನ್ನ ಇಡ್ತೀನಿ?"

"ಯಂತ್ರಾನ."

ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ. ಅವನ ಸಿಟ್ಟು ಇಳಿಯಿತು. ಮೂಲೆಯ ಕಂಪ್ಯೂಟರಿನ ಮೇಲಿದ್ದ ಧೂಳಿನ ಬಟ್ಟೆ ಎಳೆದ. ಪರದೆಯ ಮೇಲೆ ಸವುಸವುವಿನ ನಕ್ಷೆ ಇತ್ತು.

"ಅದಕ್ಕೆ ಉಪಗ್ರಹದ ಸಂಪರ್ಕ ಇದೆ," ಎಂದ. "ನೀರಿನ ಕೆಳಗಿದ್ರೆ ಸತ್ತ ಹಾಗೆ. ಹೊರಗೆ ತೆಗೆದು, ಬ್ಯಾಟರಿ ತುಂಬಿಸಿ ಚಾಲೂ ಮಾಡಿದ್ರೆ ಮೊದಲನೇ ದಿನ ಐದೈದು ನಿಮಿಷಕ್ಕೊಮ್ಮೆ ತಾನಿರೋ ಜಾಗ ಹೇಳುತ್ತೆ. ಬಿದ್ದಾಗಿನಿಂದ ಉಸಿರಿರಲಿಲ್ಲ. ಇವತ್ತು ಎರಡು ಹತ್ತಕ್ಕೆ ಎದ್ದು ಕೂತಿತು."

ಆಸ್ಪತ್ರೆಯ ಹಿಂದಿನ ಗುಡ್ಡ. ರಸ್ತೆಯ ಮೂರನೇ ತಿರುವು. ನಾಲ್ಕು ಮನೆ. ಅವುಗಳಲ್ಲಿ ಹಸಿರು ತಗಡಿನ ಮನೆಯ ಮೇಲೆ ಒಂದು ಕೆಂಪು ಚುಕ್ಕೆ.

ನನ್ನ ಮನೆ.

"ನಾನಲ್ಲ," ಎಂದೆ.

"ಮತ್ತೆ ಯಾರು?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹೇಳುವ ಮನಸ್ಸು ಇಬ್ಬರಿಗೂ ಇರಲಿಲ್ಲ. ವುನಿಸಾಲಾದಲ್ಲಿ ಆ ಆಳಕ್ಕೆ ಮುಳುಗಿ ಚಿಪ್ಪಿ ಹೆಕ್ಕುವವರು ಕೆಲೆರಾಳ ಅಣ್ಣಂದಿರು.

ಹೆಬ್ಬೆರಳನ್ನು ಗುಂಡಿಯಿಂದ ತೆಗೆದು ಅವಳ ಸಂಖ್ಯೆ ಒತ್ತಿದೆ. ಎರಡನೇ ರಿಂಗಿಗೇ ಎತ್ತಿದಳು.

"ಅತ್ತೆ! ಮುಗೀತಾ? ಕಳಿಸಿದ್ರಾ?"

"ಎಲ್ಲಿದೀಯ ಮಗಳೇ?"

"ಎಲ್ಲಿರ್ಲಿ, ಮನೇಲೇ. ಮರಗೆಣಸು ಬೇಯೋಕಿಟ್ಟಿದೀನಿ. ನಿಮ್ಮ ಬೆಕ್ಕು ಕಾಲಲ್ಲೇ ಸುತ್ತಾಡ್ತಿದೆ, ಸೋಮಾರಿ. ಕಳಿಸಿದ್ರಾ ಅತ್ತೆ?"

"ಬೇರೆ ಯಾರಾದ್ರೂ ಬಂದಿದಾರಾ?"

"ಯಾರೂ ಇಲ್ಲ. ಯಾಕೆ?"

ಅವಳ ಮಾತಿನ ಹಿಂದೆ ಒಂದು ಲಾರಿ ಹಾರನ್ ಹೊಡೆದು ಹಾದುಹೋಯಿತು. ನನ್ನ ಗುಡ್ಡಕ್ಕೆ ಲಾರಿ ಹತ್ತುವುದಿಲ್ಲ.

ಪೆಥೇಲಿ ನನ್ನ ಮೊಣಕೈ ಮುಟ್ಟಿದ. ಐದು ಐವತ್ತೊಂದು. ಚುಕ್ಕೆ ಹಸಿರು ತಗಡಿನ ಮೇಲಿರಲಿಲ್ಲ. ಗುಡ್ಡದ ಬುಡದಲ್ಲಿ, ರಸ್ತೆ ಕವಲೊಡೆಯುವ ಜಾಗದಲ್ಲಿತ್ತು. ಅಲ್ಲಿಂದ ಎಡಕ್ಕೆ ಹೋದರೆ ವಿಶ್ವವಿದ್ಯಾಲಯ, ನಾವು, ವಿನೀತಾಳ ಕಚೇರಿ. ಬಲಕ್ಕೆ ಹೋಗುವ ರಸ್ತೆಯಲ್ಲಿ ಮರಳು ಕಂಪನಿಯ ಯಾರ್ಡು ಬಿಟ್ಟರೆ ಬೇರೇನೂ ಇಲ್ಲ. ಹನ್ನೊಂದು ವಾರ ಏನೂ ಬರೆಯದ ಆ ಯಂತ್ರ ಕೈಗೆ ಸಿಕ್ಕರೆ ಕಂಪನಿಗೆ ಬೇರೆ ಸಾಕ್ಷಿ ಬೇಕಿಲ್ಲ.

"ಅತ್ತೆ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದೆ. "ಒಲೆ ನೋಡ್ಕೋ. ಬರ್ತೀನಿ."

ಎಡಕ್ಕೆ ಬರುತ್ತಾಳೆ, ನನಗೇ ತಂದುಕೊಡುತ್ತಾಳೆ, ಹೆದರಿ ಸುಳ್ಳು ಹೇಳಿದ್ದಾಳೆ ಅಷ್ಟೇ ಎಂದು ನಾನು ಆ ಪರದೆಗೆ ಬಾಯಿಬಿಟ್ಟು ಹೇಳಿದೆನಂತೆ. ಆಮೇಲೆ ಪೆಥೇಲಿ ಹೇಳಿದ್ದು. ನನಗೆ ನೆನಪಿಲ್ಲ.

ವರ್ಕ್‌ಶಾಪಿನೊಳಗೆ ಬೆಳಕು ಬಣ್ಣ ಬದಲಿಸಿತು. ಪೆಥೇಲಿ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮುಳುಗ್ತು," ಎಂದ ಮೆಲ್ಲಗೆ. "ಇನ್ನು ನೀನೇ ಒತ್ತಬೇಕು."

ವರದಿ ನನ್ನ ಎಡಗೈಯ ಫೋನಿನಲ್ಲಿತ್ತು, ಕಳುಹಿಸದೆ. ಬಲಗೈಯಿಂದ ನಕ್ಷೆ ಹೊಸದಾಗಿಸುವ ಕೀಲಿ ಒತ್ತಿದೆ.

ಐದು ಐವತ್ತಾರು. ಚುಕ್ಕೆ ಕಂಪನಿಯ ಗೇಟಿನ ಒಳಗಿತ್ತು.